ಆರಿಂಚು

ಅರಣ್ಯ ಇಲಾಖೆಯ ಹರಾಜಿನಲ್ಲಿ ಕೂಗಿ ತಂದ ಜೀಪು.
ಹಸಿರು ಬಣ್ಣ, ಎಡಬಾಗಿಲಿಗೆ ಹಗ್ಗದ ಚಿಲಕ.
ಚಿನಕುರಳಿಯಿಂದ ಪಾಂಡವಪುರಕ್ಕೆ
ಮೂರನೇ ಗೇರಿನಲ್ಲೇ ಗೊಣಗುತ್ತಾ ಹೋಗುತ್ತಿತ್ತು.
ಗೊಣಗಿದರೂ ಹೋಗುತ್ತಿತ್ತು, ಅದು ಮುಖ್ಯ.

ಸುಮ್ಮನಿರಬಹುದಿತ್ತು ನಾನು.

ಬನ್ನಿಮಂಟಪದ ಸಲಾಮತ್ ಎರಡು ಸಲ ಕೇಳಿದ,
"ಬೇಕಾ ಸಾರ್ ಇದೆಲ್ಲಾ?"
ಎರಡು ಸಲವೂ ಬೇಕು ಅಂದೆ.
ಆರಿಂಚು ಎತ್ತರಿಸಿದ.
ಸೊಂಟಕ್ಕೆ ಬರುವ ಟೈರು, ಮೂತಿಗೆ ಕಬ್ಬಿಣದ ಕೊಂಬು,
ಕೊಂಬಿನ ನಡುವೆ ಟ್ರಾಕ್ಟರನ್ನೂ ಎಳೆಯುವ ವಿಂಚು,
ನೆತ್ತಿಯ ಮೇಲೆ ದೀಪದ ಪಟ್ಟಿ,
ಬಾನೆಟ್ಟಿನ ಪಕ್ಕ ಆನೆಸೊಂಡಿಲಿನಂಥ ಸ್ನಾರ್ಕೆಲ್ಲು,
ನೀರಲ್ಲಿ ಮುಳುಗಿದರೂ ಎಂಜಿನ್ನು ಉಸಿರಾಡಲಿ ಅಂತ.
ನಮ್ಮ ಕಡೆ ಗಾಡಿ ಮುಳುಗುವಷ್ಟು ನೀರಿರುವುದು ನಾಲೆಯಲ್ಲಿ.
ನಾಲೆಗೆ ಬಿದ್ದ ಗಾಡಿಗಳನ್ನು ಎತ್ತುವಾಗ ದಡದಲ್ಲಿ ನಿಂತವರು
ಉಸಿರಿನ ಮಾತಾಡುವುದಿಲ್ಲ.

ಹಸಿರಿನ ಮೇಲೆ ಮಸಿಗಪ್ಪು ಬಳಿಸಿದೆ.
ಶ್ರೀರಂಗಪಟ್ಟಣ ದಾಟುವಾಗ ಬೈಕಿನ ಹುಡುಗರಿಬ್ಬರು
ಹೆಬ್ಬೆಟ್ಟೆತ್ತಿ ತೋರಿಸಿದರು.
ಆ ಹೆಬ್ಬೆಟ್ಟಿನ ಖುಷಿ
ಡೀಸೆಲ್ ಹಾಕಿಸುವವರೆಗೂ ಇತ್ತು.

ಮನೆಗೆ ಬಂದರೆ ಕೊಟ್ಟಿಗೆಯ ತೊಲೆಗೆ ದೀಪ ಬಡಿಯಿತು.
ಜೀಪು ಬೇವಿನ ಮರದಡಿ, ಕಾಗೆಗಳ ಕೆಳಗೆ ನಿಂತಿತು.
ಕಬ್ಬಿನ ಗಾಡಿಗೆ ದಾರಿ ಬಿಡಲು ಪೂರ್ತಿ ತಿರುಗಿಸಿದರೆ
ಟೈರು ಮಡ್‌ಗಾರ್ಡಿಗೆ ಉಜ್ಜಿ ಕಿರ್ರೆನ್ನುತ್ತಿತ್ತು.
ಆರ್‌ಟಿಓ ಸಾಹೇಬರು ಕೊಂಬು ತಟ್ಟಿ ನೋಡಿ
"ಹಾಲು ಎಷ್ಟು ಕೊಡುತ್ತೆ?" ಅಂದರು,
ರಸೀದಿ ಪುಸ್ತಕ ಬಿಚ್ಚಿದರು.

ವಿಂಚು ದುಡಿದದ್ದು ಒಂದೇ ದಿನ.
ಕೆರೆ ಅಂಗಳದ ಜೇಡಿಯಲ್ಲಿ
ವಿಂಚಿನ ಭಾರಕ್ಕೇ ಮೂತಿ ಹೂತಿತ್ತು.
ಹಗ್ಗ ಬಿಗಿದ ಜಾಲಿಮರ
ಬೇರು ಸಮೇತ ನಮ್ಮ ಕಡೆಗೇ ಬಂತು.
ಕೊನೆಗೆ ಬೋಳೇಗೌಡರ ಜೋಡೆತ್ತು.
ಎತ್ತುಗಳಿಗೆ ಬೆಲ್ಲ ತಿನ್ನಿಸುವಾಗ
ಅವುಗಳ ಮುಖ ನೋಡಲಾಗಲಿಲ್ಲ.

ಇದನ್ನೆಲ್ಲ ತಡೆದುಕೊಂಡೆ.
ತಡೆಯದೇ ಹೋದದ್ದು ಸಾಕಮ್ಮನದು.
ಶನಿವಾರ ಶನಿವಾರ ವೀಳ್ಯದೆಲೆ ಕುಕ್ಕೆಯ ಜತೆ
ಕಾಲುಮಣೆ ಮೇಲೊಂದು ಹೆಜ್ಜೆಯಿಟ್ಟು
"ಉಸ್ಸಪ್ಪಾ" ಅಂತ ತಾನೇ ಹತ್ತಿ ಕೂರುತ್ತಿದ್ದಳು.
ಹೊಸ ಎತ್ತರವನ್ನು ಕೆಳಗಿಂದ ಮೇಲಕ್ಕೆ ನೋಡಿದಳು.
ಸ್ಟೂಲು ತಂದಿಟ್ಟೆ, ಕೈ ಚಾಚಿದೆ.
"ನಿನ್ ಗಾಡಿ ದೊಡ್ಡಮನ್ಸ ಆಗೋಯ್ತು ಕಣಪ್ಪಾ,
ನಾ ಬಸ್ಸಲ್ಲೇ ಓಯ್ತೀನಿ."
ಬೈದಿದ್ದರೆ ವಾಸಿಯಿತ್ತು.

ಎಂಟು ತಿಂಗಳಾದ ಮೇಲೆ ಬನ್ನಿಮಂಟಪಕ್ಕೆ ಹೋದೆ.
"ಹಳೇ ಪಟ್ಟಾ ಗುಜರಿಗೆ ಹಾಕ್ಬಿಟ್ಟಿರ್ತೀಯ ಅಲ್ವಾ?"
ಸಲಾಮತ್ ಮಾತಾಡದೆ ಷೆಡ್ಡಿನ ಹಿಂದಕ್ಕೆ ಕರೆದ.
ಗೋಣಿತಾಟು ಸರಿಸಿದ.
ಆಯಿಲ್ ಸವರಿಟ್ಟ ಪಟ್ಟಾಗಳು, ಸಾಲಾಗಿ,
ಒಂದೊಂದರ ಮೇಲೂ ಸೀಮೆಸುಣ್ಣದ ಹೆಸರು.
ನನ್ನದು ಮೂರನೆಯದು:
ಜವರಪ್ಪ ಸಾರ್, ಹಸಿರು ಜೀಪು.
"ವಾಪಸ್ ಬರ್ತಾರೆ ಸಾರ್. ಕೆಲವರು ಲೇಟು."

ಹಾಕಲು ಕೊಟ್ಟಿದ್ದೆ, ಬಿಚ್ಚಲೂ ಕೊಟ್ಟೆ.
ದೀಪದ ಪಟ್ಟಿ ಅರ್ಧ ಬೆಲೆಗೆ ಬೋಳೇಗೌಡರ ಆಲೆಮನೆಗೆ ಹೋಯಿತು,
ರಾತ್ರಿಪಾಳಿಯ ಕೊಪ್ಪರಿಗೆಗೆ ಈಗ ಹಗಲು.
ಸ್ನಾರ್ಕೆಲ್ಲನ್ನು ಮಾತ್ರ ಯಾರೂ ಕೇಳಲಿಲ್ಲ.
ಹಿತ್ತಿಲಲ್ಲಿ ಬಿದ್ದಿದೆ, ಕಣಜ ಗೂಡು ಕಟ್ಟಿದೆ.
ಕೊಂಬು ಕಳಚಿದ ಕಡೆ ಕಪ್ಪು ಕಿತ್ತು
ಒಳಗಿನ ಹಸಿರು ಇಣುಕಿತು,
ಇಲ್ಲೇ ಇದ್ದೆ ಅನ್ನುವ ಹಾಗೆ.

ಶನಿವಾರ. "ಉಸ್ಸಪ್ಪಾ."
ಕುಕ್ಕೆ ತೊಡೆಯ ಮೇಲೆ, ಕಣ್ಣು ಮಾಡಿನ ಕಡೆ.
ಬೋಲ್ಟು ಬಿಚ್ಚಿದ ನಾಲ್ಕು ತೂತಿನಿಂದ
ನಾಲ್ಕು ಪಾವಲಿ ಬಿಸಿಲು ಸೆರಗಿನ ಮೇಲೆ ಕುಣಿಯುತ್ತಿತ್ತು.
"ಇದೇನ್ಲಾ ತೂತು?"
"ಲೈಟು ಇತ್ತು ಕಣಕ್ಕ, ತೆಗೆಸಿದೆ."
"ಎಲ್ ತೆಗ್ಸಿದ್ದೀ, ಬತ್ತಾನೇ ಐತಲ್ಲ."
ನಾಲ್ಕು ಎಲೆ ಸುರುಳಿ ಸುತ್ತಿ
ಒಂದೊಂದೇ ತೂತಿಗೆ ತುರುಕಿದಳು, ಧೂಳು ಬೀಳದಿರಲಿ ಅಂತ.

ಸಕ್ಕರೆ ಕಾರ್ಖಾನೆ ಮುಂದಿನ ಹಂಪಿನಲ್ಲಿ
ಒಂದೆಲೆ ಜಾರಿ ಹೆಗಲ ಮೇಲೆ ಬಿತ್ತು.
ಬಾಯಿಗೆ ಹಾಕಿಕೊಂಡೆ.
ಸುಣ್ಣವಿಲ್ಲ, ಅಡಿಕೆಯಿಲ್ಲ,
ಬರೀ ಖಾರ.